ಎರಡು ಯಂತ್ರ, ಒಂದು ಸುಣ್ಣ ಬಳಿದ ಗೋಡೆ

ಚಿಂಚೋಳಿ ಪಕ್ಕದ ಚಂದಾಪುರದ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ಕೂತಿದ್ದಾಗ ನನ್ನ ಹಳೆಯ ಲ್ಯಾಪ್‌ಟಾಪ್ ಪ್ರಾಣ ಬಿಟ್ಟಿತು. ಪರದೆ ಒಮ್ಮೆ ನೀಲಿಯಾಯಿತು, ಒಮ್ಮೆ ಕಪ್ಪಾಯಿತು, ಆಮೇಲೆ ಯಾವ ಗುಂಡಿ ಒತ್ತಿದರೂ ಉಸಿರಿಲ್ಲ. ಐದು ವರ್ಷ ಇಲ್ಲಿನ ಬಿಸಿಲು, ಸಿಮೆಂಟಿನ ಧೂಳು, ಚಿಂಚೋಳಿಯಿಂದ ಶಹಾಬಾದಿನವರೆಗಿನ ರಸ್ತೆಗಳ ಕುಲುಕಾಟ ಎಲ್ಲ ತಿಂದ ಯಂತ್ರ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಾಯುವುದಾದರೆ ಸಾಯಲಿ, ಸೋಮವಾರದ ಕೆಲಸ ಮುಗಿಯುವವರೆಗಾದರೂ ತಡೆಯಬಾರದಿತ್ತೇ!

ನಾನು ಮನೆಗಳ ಬಿರುಕು ನೋಡುವ ಎಂಜಿನಿಯರ್. ಮನೆ ಸೇಡಂನಲ್ಲಿ, ಕೆಲಸ ಸುತ್ತಲಿನ ಊರುಗಳಲ್ಲಿ. ಸುಣ್ಣದ ಕಲ್ಲಿನ ಗಣಿಯಲ್ಲಿ ಬಂಡೆ ಸಿಡಿಸುವ ಮೊದಲು ಹತ್ತಿರದ ಊರಿನ ಪ್ರತಿ ಮನೆಗೆ ಹೋಗಿ, ಗೋಡೆ ಮಾಳಿಗೆಗಳಲ್ಲಿ ಇದ್ದ ಬಿರುಕನ್ನೆಲ್ಲ ದಾಖಲು ಮಾಡಬೇಕು. ಕೆಲವು ತಿಂಗಳ ನಂತರ ಮತ್ತೆ ಹೋಗಿ, ಹಳೆಯದು ಬೆಳೆದಿದೆಯೇ, ಹೊಸದು ಹುಟ್ಟಿದೆಯೇ ಎಂದು ತಾಳೆ ನೋಡಬೇಕು. ವಾಡಿ ಹತ್ತಿರದ ಒಂದು ಊರಿನಲ್ಲಿ ಚಳಿಗಾಲದಲ್ಲಿ ಮೊದಲ ಸುತ್ತು ಮುಗಿಸಿದ್ದೆ. ಈಗ ಬೇಸಿಗೆ ಬಂದಿತ್ತು, ಗಣಿಯೂ ಊರಿನ ಕಡೆ ಇನ್ನಷ್ಟು ಸರಿದಿತ್ತು. ಎರಡನೇ ಸುತ್ತು ಸೋಮವಾರದಿಂದ. ಪಂಚಾಯಿತಿಯವರು ಹತ್ತು ದಿನ ಮೊದಲೇ ಮೈಕಿನಲ್ಲಿ ಸಾರಿದ್ದೂ ಆಗಿತ್ತು.

ಮೊದಲ ಸುತ್ತನ್ನು ನಾನು ಹಳೆಯ ಪದ್ಧತಿಯಲ್ಲಿ ಮಾಡಿದ್ದೆ. ಫೋನಿನಲ್ಲಿ ಚಿತ್ರ, ಕಾಗದದ ಮೇಲೆ ಗೋಡೆಯ ನಕ್ಷೆ, ಸಂಜೆ ಮನೆಗೆ ಬಂದು ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಜೋಡಿಸುವುದು. ಒಂದು ಸಲ ಕಾಗದ ಅದಲುಬದಲಾಗಿ ಒಬ್ಬರ ಮನೆಯ ಬಿರುಕನ್ನು ಪಕ್ಕದ ಮನೆಗೆ ಹಚ್ಚಿದ್ದೆ. ಆ ಪಕ್ಕದ ಮನೆಯವರು ಬಂದು, ನಮ್ಮ ಮನಿ ಹಂಗಿಲ್ಲ ಎಂದು ಅರ್ಧ ತಾಸು ಜಗಳಾಡಿ ಹೋಗಿದ್ದರು. ಆವತ್ತೇ ನಿಶ್ಚಯಿಸಿದ್ದೆ, ಮುಂದೆ ಕೊಂಡರೆ ಎರಡೂ ಆಗುವ ಯಂತ್ರ ಕೊಳ್ಳುವುದು. ಖೋಲಿಯಲ್ಲಿ ನಿಂತು ಕೈಯಲ್ಲಿ ಹಿಡಿದರೆ ಟ್ಯಾಬ್ ಆಗಬೇಕು, ಚಿತ್ರದ ಮೇಲೆಯೇ ಪೆನ್ನಿನಿಂದ ಬಿರುಕು ಬರೆಯಲು ಬರಬೇಕು. ಮನೆಗೆ ಬಂದು ಕೀಬೋರ್ಡ್ ಹಚ್ಚಿದರೆ ಪೂರ್ತಿ ಲ್ಯಾಪ್‌ಟಾಪ್ ಆಗಬೇಕು. ನೂರಾರು ಚಿತ್ರ ಸೇರಿಸಿ ಗೋಡೆಯ ಮೂರು ಆಯಾಮದ ಮಾದರಿ ಕಟ್ಟುವ ನನ್ನ ತಂತ್ರಾಂಶ ಅದರಲ್ಲಿ ಓಡಬೇಕು, ಕಂಪನ ಅಳೆಯುವ ಪೆಟ್ಟಿಗೆಯ ವೈರು ಚುಚ್ಚಲು ಜಾಗವಿರಬೇಕು. ಒಳಗೆ ಫ್ಯಾನ್ ಇರಲೇಬೇಕು. ಫ್ಯಾನ್ ಇಲ್ಲದ ತೆಳುವಾದದ್ದೊಂದನ್ನು ಹಿಂದಿನ ಬೇಸಿಗೆಯಲ್ಲಿ ಕೈಗಡ ತಂದು ಶಹಾಬಾದಿಗೆ ಒಯ್ದಿದ್ದೆ. ಇಪ್ಪತ್ತೇ ನಿಮಿಷಕ್ಕೆ, ತಣ್ಣಗಾಗುವವರೆಗೆ ಕಾಯಿರಿ ಎಂದು ಬರೆದುಕೊಂಡು ಮಲಗಿಬಿಟ್ಟಿತು. ಶಹಾಬಾದಿನಲ್ಲಿ ಮೇ ತಿಂಗಳಲ್ಲಿ ತಣ್ಣಗಾಗುವುದೆಂದರೆ ಜೂನ್ ಬರುವವರೆಗೆ ಕಾಯಬೇಕು.

ಸೇಡಂಗೆ ಬಂದವಳೇ ಬಸ್ಸಿಳಿದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರು ನನಗಿಂತ ಹಿರಿಯರು, ನಾನು ಅವರನ್ನು ಭಾಯಿ ಅನ್ನುತ್ತೇನೆ. ಸತ್ತ ಲ್ಯಾಪ್‌ಟಾಪನ್ನು ಬಿಚ್ಚಿ, ಒಳಗಿನ ಧೂಳನ್ನು ಬೆರಳಿನಿಂದ ತೆಗೆದು ನನಗೇ ತೋರಿಸಿದರು.

"ಮೇಡಂ, ಇದರಾಗಿಂದು ತೆಗದ್ರ ಒಂದು ಕಟ್ಟಿ ಕಟ್ಟಬಹುದು. ಇದಕ್ಕ ಇನ್ನ ದವಾ ಇಲ್ಲ. ಡಿಸ್ಕ್ ಒಂದು ಸಲಾಮತ್ ಅದ, ನಿಮ್ಮ ಫೋಟೋ ಎಲ್ಲಾ ತೆಗದು ಕೊಡ್ತೀನಿ."

ನನ್ನ ಬೇಡಿಕೆಗಳನ್ನೆಲ್ಲ ಕೇಳಿಕೊಂಡು ಅವರು ಕಪಾಟಿನಿಂದ ಎರಡು ಯಂತ್ರ ತಂದಿಟ್ಟರು. ಎರಡೂ ಗಿರಾಕಿಗಳಿಗೆ ತೋರಿಸಲಿಕ್ಕೆಂದು ಇಟ್ಟವು. ಒಂದರ ಪರದೆ ಹಿಂದಕ್ಕೆ ಪೂರ್ತಿ ಮಡಚಿ ಕೀಬೋರ್ಡಿನ ಬೆನ್ನಿಗೆ ಅಂಟಿಕೊಳ್ಳುತ್ತದೆ. ತೂಕದ್ದು, ಒಳಗೆ ಭಾರೀ ಪ್ರೊಸೆಸರ್, ಜೋಡಿ ಫ್ಯಾನ್. ಇನ್ನೊಂದರ ಕೀಬೋರ್ಡ್ ಕಳಚಿ ಬರುತ್ತದೆ, ಉಳಿದದ್ದು ಸ್ಲೇಟಿನಂತೆ ಕೈಗೆ ಬರುತ್ತದೆ. ಅದರ ಬೆನ್ನಿಗೆ ಆನಿಕೆಗೆ ಒಂದು ಕಾಲು, ಒಂದು ಕ್ಯಾಮೆರಾ. ಫ್ಯಾನ್ ಇದೆ, ಒಂದೇ ಇದೆ.

"ಇದು ಪೈಲ್ವಾನ. ಇದು ಹುಷಾರ್ ಅದ, ತಾಕತ್ತು ಕಮ್ಮಿ," ಎಂದು ಭಾಯಿ ಎರಡು ಮಾತಿನಲ್ಲಿ ಮುಗಿಸಿದರು. "ಎರಡು ದಿನ ಇದು, ಎರಡು ದಿನ ಅದು, ತಗೊಂಡು ಹೋಗ್ರಿ. ಯಾವುದು ಪಸಂದ್ ಬರತದ ಅದನ್ನ ಇಟ್ಕೋರಿ. ಖರೆ, ಒಂದು ಗೀಚು ಬಿದ್ರ ನಿಮ್ಮ ನಮ್ಮ ದೋಸ್ತಿ ಖತಂ!"

ಸೋಮವಾರ ಪೈಲ್ವಾನನನ್ನು ಹೊತ್ತುಕೊಂಡು ವಾಡಿ ಕಡೆ ಹೋದೆ. ರಿಪೇರಿಯಿಂದ ಬಂದ ನನ್ನ ಕಾರಿನಲ್ಲಿ ನಾನೊಬ್ಬಳೇ. ಹೆಂಗಸೊಬ್ಬಳೇ ಹೋದರೆ ಜನ ಅಡುಗೆಮನೆಯವರೆಗೂ ಒಳಗೆ ಬಿಡುತ್ತಾರೆ, ಬಿರುಕುಗಳು ಇರುವುದೂ ಅಲ್ಲಿಯೇ. ಊರಿಗೆ ಕಾಲಿಟ್ಟರೆ ಕಣ್ಣು ಕುಕ್ಕುವಂತಿತ್ತು. ಓಣಿಗೆ ಓಣಿಯೇ ಬೆಳ್ಳಗೆ. ಎಲ್ಲರೂ ನಗುಮುಖದಿಂದ ಕರೆದರು. ನಾನು ಯಂತ್ರವನ್ನು ಎಡ ಮುಂಗೈ ಮೇಲೆ ಮಲಗಿಸಿಕೊಂಡು ಖೋಲಿಯಿಂದ ಖೋಲಿಗೆ ಹೋದೆ. ಮಡಚಿದ ಕೀಬೋರ್ಡಿನ ಕೀಲಿಗಳು ಬೆರಳಿಗೆ ಕೆಳಗಿನಿಂದ ಒತ್ತುತ್ತಿದ್ದವು, ಕಿರಿಕಿರಿ ಅನಿಸಿದರೂ ಅವು ಆಗ ಕೆಲಸ ಮಾಡುವುದಿಲ್ಲವಾದ್ದರಿಂದ ತೊಂದರೆ ಇರಲಿಲ್ಲ. ಮಣಿಕಟ್ಟು ಮಾತ್ರ ಎರಡನೇ ಮನೆಗೇ ನೋಯತೊಡಗಿತು.

ಕೆಲಸ ಓಡಿದ ಪರಿ ನೋಡಬೇಕಿತ್ತು! ಚಳಿಗಾಲದಲ್ಲಿ ದಿನಕ್ಕೆ ಐದು ಮನೆ ಮುಗಿಸಲು ಹೆಣಗಿದ್ದವಳು ಆವತ್ತು ಮಧ್ಯಾಹ್ನದ ಊಟದೊಳಗೆ ಏಳು ಮುಗಿಸಿದೆ, ಸಂಜೆಗೆ ಹನ್ನೆರಡು. ಚಳಿಗಾಲದ ದಾಖಲೆಯೊಡನೆ ತಾಳೆ ನೋಡುವುದನ್ನು ವಾರದ ಕೊನೆಗೆ ಇಟ್ಟುಕೊಂಡಿದ್ದೆ. ಸೇಡಂಗೆ ಬಂದು ಚಿತ್ರಗಳನ್ನು ತಂತ್ರಾಂಶಕ್ಕೆ ಕೊಟ್ಟು ಚಹಾ ಸೋಸಿಕೊಂಡು ಬರುವಷ್ಟರಲ್ಲಿ ಮೊದಲ ಗೋಡೆಯ ಮಾದರಿ ಎದ್ದು ನಿಂತಿತ್ತು. ಎಷ್ಟು ವರ್ಷ ಹಳೆಯ ಡಬ್ಬಿ ಇಟ್ಟುಕೊಂಡು ಸುಮ್ಮನೆ ಸಾಯುತ್ತಿದ್ದೆನಲ್ಲ ಅನಿಸಿತು. ಭಾಯಿಗೆ ಫೋನ್ ಮಾಡಿ, ಇನ್ನೊಂದು ನೋಡುವ ಅಗತ್ಯವೇ ಇಲ್ಲ, ಪೈಲ್ವಾನನೇ ನನ್ನವನು ಎಂದೆ. ಎರಡು ದಿನ ಮುಗೀಲಿ ಮೇಡಂ, ಗಡಬಡ ಯಾಕ ಎಂದರು ಅವರು.

ಮಂಗಳವಾರ ಮಧ್ಯಾಹ್ನ ನಾನು ಅಂಗನವಾಡಿ ಟೀಚರ ಮನೆಗೆ ಹೋದೆ. ಐವತ್ತು ದಾಟಿದ ಹೆಂಗಸು. ಗಂಡ ಇಲ್ಲ, ಒಬ್ಬಳೇ ಮಗಳು, ಚಿತ್ತಾಪುರದ ಹತ್ತಿರದ ಊರಿಗೆ ಕೊಟ್ಟಿದ್ದಾರೆ. ಮನೆ ಈ ಕಡೆಯ ಹಳೆಯ ಮಾದರಿಯದು. ಕಲ್ಲಿನ ಗೋಡೆ, ಗೋಡೆಯಿಂದ ಗೋಡೆಗೆ ಕಬ್ಬಿಣದ ತೊಲೆ, ತೊಲೆಗಳ ಮೇಲೆ ಶಹಾಬಾದ್ ಕಲ್ಲಿನ ಚಪ್ಪಡಿ ಹಾಸಿದ ಮಾಳಿಗೆ.

"ಬರ್ರಿ ಮೇಡಂ, ಬರ್ರಿ, ಕುಂದ್ರಿ. ಮೊದಲ ಚಾ ಕುಡೀರಿ, ಆಮ್ಯಾಲ ನಿಮ್ಮ ಗ್ವಾಡಿ ನೋಡ್ರಿ. ಗ್ವಾಡಿ ಎಲ್ಲಿ ಓಡಿ ಹೋಗತಾವ?"

ಚಹಾ ಕುಡಿದು ಒಳಗಿನ ಖೋಲಿಗೆ ಹೋದೆ. ಕಿಟಕಿ ಇಲ್ಲದ, ಗಾಳಿ ಬೀಸದ ಖೋಲಿ. ಮೂಲೆಯಲ್ಲಿ ಹೊಸದಾಗಿ ಹುರಿ ಬಿಗಿದ ಹೊರಸು ಹಾಕಿದ್ದರು. ಹೊರಸಿನ ಮೇಲೆ ತೊಲೆ, ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಬಳೆ. ಹಸಿ ಸುಣ್ಣದ ವಾಸನೆ ಮೂಗಿಗೆ ಹೊಡೆಯಿತು. ಗೋಡೆ ಹಾಲಿನ ಹಾಗಿತ್ತು. ನನ್ನ ಕೈ ತಾನೇ ಹೋಗಿ ನಮೂನೆಯಲ್ಲಿ 'ಬಿರುಕು ಕಾಣುವುದಿಲ್ಲ' ಎಂಬಲ್ಲಿ ಗುರುತು ಹಾಕಲು ಹೊರಟಿತ್ತು. ಆಗ ನೆನಪಾಯಿತು. ಈ ಖೋಲಿಯ ನಕ್ಷೆ ಬರೆಯುವಾಗ ಚಳಿಗಾಲದಲ್ಲಿ ನನ್ನ ಪೆನ್ಸಿಲ್ಲಿನ ಮೊನೆ ಮುರಿದಿತ್ತು, ಟೀಚರೇ ಅಂಗನವಾಡಿಯ ಪೆನ್ಸಿಲ್ಲು ಕೊಟ್ಟಿದ್ದರು. ಪೆನ್ಸಿಲ್ಲು ಮುರಿಯುವಷ್ಟು ಬರೆದಿದ್ದೆನೆಂದರೆ ಇಲ್ಲಿ ಬಿರುಕು ಇತ್ತು.

"ಟೀಚರ, ಈ ಗ್ವಾಡಿಗೆ ಒಂದು ಬಿರುಕು ಇತ್ತಲ್ಲ. ಎಲ್ಲಿ ಹೋತು?"

"ಮುಚ್ಚೀನ್ರಿ!" ಎಂದರು ಟೀಚರು, ಹೆಮ್ಮೆಯಿಂದ. "ಮೊನ್ನಿಂದು ಬಿಟ್ಟು ಅದರ ಹಿಂದಿನ ಐತವಾರ ನಾನೇ ಸಿಮಿಂಟ್ ಕಲಸಿ ತುಂಬಿ, ಮ್ಯಾಲ ಎರಡು ಸಲ ಸುಣ್ಣ ಹೊಡದೀನಿ. ಮೇಡಂ ಬರತಾರಂತ ಮೈಕಿನಾಗ ಒದರಿದ್ರಲ್ಲ. ದೊಡ್ಡವರು ಮನಿಗಿ ಬಂದಾಗ ಹರಕ ಗ್ವಾಡಿ ತೋರಸಲಾ?"

"ನಾ ಬರೋದೇ ಹರಕ ಗ್ವಾಡಿ ನೋಡ್ಲಿಕ್ಕ, ಟೀಚರ!"

"ಅಯ್ಯ, ಓಣಿ ತುಂಬ ಹಚ್ಯಾರ್ರಿ. ಆವತ್ತ ಸಂಜೀಕೇ ಅಂಗಡ್ಯಾಗ ಸುಣ್ಣ ಖಾಲಿ ಆತು. ಎಲ್ಲಾರ ಮನಿ ಬೆಳ್ಳಗ ಇದ್ದು ನಂದೊಂದೇ ಹಂಗ ಇದ್ರ ಹೆಂಗ ಕಾಣತದ?"

ನಾನು ಹೊರಸಿನ ಮೇಲೆ ಕೂತೆ. ಸೋಮವಾರ ಹನ್ನೆರಡು ಮನೆ ಮುಗಿಸಿದ ನನ್ನ ಶೂರತನದ ಗುಟ್ಟು ಈಗ ತಿಳಿಯಿತು. ಯಂತ್ರ ಓಡಿದ್ದಲ್ಲ, ಬರೆಯಲು ಏನೂ ಇರಲಿಲ್ಲ. ಒಂದು ಊರಿನ ಬಿರುಕನ್ನೆಲ್ಲ ಮನೆಯವರೇ ಮರ್ಯಾದೆಗೆ ಅಂಜಿ ಮುಚ್ಚಿದ್ದರು, ನಾನು ಅದರ ಮೇಲೆ ಸಹಿ ಹಾಕಿ ಬಂದಿದ್ದೆ. ನಾಚಿಕೆಯಾಯಿತು. ಎಂಜಿನಿಯರ್ ಅಂತೆ, ಹಸಿ ಸುಣ್ಣದ ವಾಸನೆ ಮೂಗಿಗೆ ತಿಳಿಯಲು ಎರಡು ದಿನ ಬೇಕಾಯಿತು!

"ಎಷ್ಟು ಬಿಟ್ಟಿತ್ತು ಬಿರುಕು? ಎಲ್ಲಿ ತನಕ ಹೋಗಿತ್ತು?" ಎಂದು ಕೇಳಿದೆ.

ಟೀಚರು ಸೆರಗಿನ ತುದಿ ಹಿಂಡುತ್ತ ಬಾಗಿಲ ಕಡೆ ನೋಡಿದರು. "ಅದೇನು ಹಿಡೀತೀರಿ ಬಿಡ್ರಿ, ಮೇಡಂ. ಇಲ್ಲ ಅಂತ ಬರದುಬಿಡ್ರಿ. ಐತವಾರ ಮಗಳು ಹಡೀಲಿಕ್ಕ ಬರಾಕತ್ತಾಳ. ಚೊಚ್ಚಲ. ಬೀಗತಿ ತಾನೇ ಬಿಡಲಿಕ್ಕ ಬರತಾಳ. ಭಾಳ ಬಿರುಸಿನ ಹೆಣಮಗಳು. ಬಾಣಂತಿ ಖೋಲ್ಯಾಗ ಬಿರುಕು ಕಂಡ್ರ, ಇಂಥ ಮನ್ಯಾಗ ನನ್ನ ಸೊಸಿ ಬಿಡಂಗಿಲ್ಲ ಅಂತ ಗಾಡಿ ತಿರುಗಸ್ತಾಳ. ನಾನು ಒಂದ ಸಲ ಬಾಣಂತನ ಮಾಡ್ಲಿಕ್ಕೂ ಗತಿ ಇಲ್ಲದಾಕಿ ಅನಿಸ್ಕೋಬೇಕೇನ್ರಿ?"

ಆ ಹೊರಸಿನ ನೇರ ಮೇಲೆ ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗವಿತ್ತು. ಬಿರುಕು ಅಲ್ಲಿಯವರೆಗೆ ಹೋಗಿದ್ದರೆ ಅದರ ಮೇಲಿನ ಚಪ್ಪಡಿಗಳ ಭಾರಕ್ಕೆ ಆಸರೆ ಇಲ್ಲ. ಹೋಗಿರದಿದ್ದರೆ ಟೀಚರ ಸುಣ್ಣ ಅಲ್ಲಿಯೇ ಇರಲಿ, ಮಗಳು ಸುಖವಾಗಿ ಬಂದು ಮಲಗಲಿ. ಯಾವುದೆಂದು ಹೇಳಲು ನಾನು ಚಳಿಗಾಲದ ಗೆರೆಯನ್ನು ಇವತ್ತಿನ ಗೋಡೆಯ ಮೇಲೆ ಮತ್ತೆ ಹುಡುಕಬೇಕಿತ್ತು. ಗೋಡೆಯನ್ನೆಲ್ಲ ಕೆರೆಯಲು ಬಿಡುವ ತಾಯಿ ಯಾರೂ ಇಲ್ಲ, ಅದೂ ಬಾಣಂತಿ ಖೋಲಿಯಲ್ಲಿ. ಕೆರೆದರೆ ಗೇಣಗಲ ಜಾಗ, ಅದೂ ಸರಿಯಾದ ಜಾಗ ಆಗಬೇಕು.

ಇಂಥ ಕೆಲಸಕ್ಕೆ ಒಂದು ಆ್ಯಪ್ ಇದೆ. ಹಳೆಯ ಚಿತ್ರವನ್ನು ಅರ್ಧ ಪಾರದರ್ಶಕ ಮಾಡಿ, ಕ್ಯಾಮೆರಾ ಈಗ ನೋಡುತ್ತಿರುವುದರ ಮೇಲೆ ಹಾಸುತ್ತದೆ. ಎರಡೂ ಕೂಡಿದರೆ ಹಳೆಯ ಬಿರುಕು ಎಲ್ಲಿತ್ತೆಂದು ಹೊಸ ಗೋಡೆಯ ಮೇಲೆ ಕಾಣುತ್ತದೆ. ಭಾಯಿ ಸತ್ತ ಲ್ಯಾಪ್‌ಟಾಪಿನ ಡಿಸ್ಕಿನಿಂದ ತೆಗೆದುಕೊಟ್ಟ ಚಳಿಗಾಲದ ಚಿತ್ರವನ್ನು ಪೈಲ್ವಾನನಲ್ಲಿ ಹಾಕಿ ನೋಡಿದೆ. ಅವನಿಗೆ ಇದ್ದದ್ದು ಮುಖದ ಮೇಲಿನ ಕ್ಯಾಮೆರಾ ಒಂದೇ. ಗೋಡೆಗೆ ತೋರಿಸಿದರೆ ಪರದೆ ನನಗೆ ಕಾಣದು, ಪರದೆ ನೋಡಿದರೆ ನನ್ನ ಬೆವತ ಮುಖವೇ ಅದರಲ್ಲಿ. ಕನ್ನಡಿ ತರಿಸಿ ನೋಡಿದೆ, ಎಡಬಲ ತಿರುಗಿ ತಲೆ ಕೆಟ್ಟಿತು. ಫೋನಿನಲ್ಲಿಯೂ ಪ್ರಯತ್ನಿಸಿದೆ. ಅಷ್ಟು ಸಣ್ಣ ಪರದೆಯಲ್ಲಿ ಬಿರುಕಿಗಿಂತ ನನ್ನ ಬೆರಳೇ ದಪ್ಪ, ಗೆರೆ ತೊಲೆಯಿಂದ ಗೇಣು ಕೆಳಗೋ ಎರಡು ಬೆರಳು ಕೆಳಗೋ ಹೇಳುವಂತಿರಲಿಲ್ಲ. ಇಲ್ಲಿ ತೀರ್ಮಾನ ಇದ್ದದ್ದೇ ಆ ಗೇಣಿನಲ್ಲಿ.

"ಟೀಚರ, ನಾಳೆ ಮತ್ತ ಬರ್ತೀನಿ. ಅಲ್ಲಿ ತನಕ ಈ ಖೋಲ್ಯಾಗ ಯಾರೂ ಮಲಗಬ್ಯಾಡ್ರಿ," ಎಂದೆ. ಅವರು ಹೊರಸಿನ ಹುರಿಯನ್ನು ಒತ್ತಿ ನೋಡುತ್ತ ನಿಂತರು.

ಸಂಜೆ ಅಂಗಡಿಯಲ್ಲಿ ಪೈಲ್ವಾನನನ್ನು ಮೇಜಿನ ಮೇಲಿಟ್ಟೆ. ಭಾಯಿ ಕನ್ನಡಕ ಏರಿಸಿ ನೋಡಿದರು. "ನಿನ್ನಿ ನಿಕಾಹ್ ಮಾಡ್ಕೋತೀನಿ ಅಂದ್ರಿ, ಇವತ್ತ ತಲಾಖ್?"

"ಇವಂಗ ಬೆನ್ನಾಗ ಕಣ್ಣಿಲ್ಲ, ಭಾಯಿ. ಇನ್ನೊಂದು ಕೊಡ್ರಿ."

"ಅದರಾಗ ನಿಮ್ಮ ಗ್ವಾಡಿ ಕಟ್ಟೋ ಸಾಫ್ಟ್‌ವೇರ್ ಆಮಿಗತಿ ನಡೀತದ ನೋಡ್ರಿ. ಆಮ್ಯಾಲ ನನಗ ಬಯ್ಯಬ್ಯಾಡ್ರಿ."

ಅವರು ಹೇಳಿದ್ದು ಸುಳ್ಳಲ್ಲ. ಮನೆಗೆ ಬಂದು ಒಂದೇ ಗೋಡೆಯ ಚಿತ್ರಗಳನ್ನು ಕೊಟ್ಟೆ. ಪೈಲ್ವಾನ ಚಹಾ ಸೋಸುವಷ್ಟರಲ್ಲಿ ಮುಗಿಸಿದ್ದನ್ನು ಇದು ನಾನು ಅಡುಗೆ ಮಾಡಿ, ಊಟ ಮಾಡಿ, ಪಾತ್ರೆ ತೊಳೆದು ಬಂದರೂ ಮುಗಿಸಿರಲಿಲ್ಲ. ಫ್ಯಾನ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಮಡಿಲಲ್ಲಿ ಇಟ್ಟರೆ ಬೆನ್ನಿನ ಕಾಲು ತೊಡೆಗೆ ಚುಚ್ಚುತ್ತದೆ, ಮೇಜು ಬೇಕೇ ಬೇಕು. ಆದರೆ ಅಳತೆಯ ಕೆಲಸ ಮನೆಯಲ್ಲಿ ಎಷ್ಟು ಬೇಗ ಮುಗಿಯಿತು ಎನ್ನುವುದಕ್ಕಿಂತ, ಖೋಲಿಯೊಳಗೆ ನಿಂತಾಗ ನಾನು ಏನನ್ನು ನೋಡಿದೆ ಎನ್ನುವುದು ಮೊದಲು. ಕಾಣದ ಬಿರುಕಿನ ಮಾದರಿಯನ್ನು ಎಷ್ಟು ವೇಗವಾಗಿ ಕಟ್ಟಿದರೆ ಏನು ಬಂತು? ಇಷ್ಟು ಸಾದಾ ಮಾತು ನನಗೆ ಅಂಗಡಿಯಲ್ಲಿ ಹೊಳೆದಿರಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೇ ಟೀಚರ ಮನೆಯಲ್ಲಿದ್ದೆ. ಈ ಸಲ ಟೀಚರು ಚಹಾ ಕಟ್ಟೆಯ ಮೇಲಿಟ್ಟು ಕಸ ಗುಡಿಸತೊಡಗಿದರು. ಕೀಬೋರ್ಡ್ ಕಳಚಿ ಕಾರಿನಲ್ಲಿ ಬಿಟ್ಟು, ಬರೀ ಸ್ಲೇಟು ಹಿಡಿದು ಒಳಗೆ ಹೋದೆ.

ಹಳೆಯ ಚಿತ್ರ ಹೊಸ ಗೋಡೆಗೆ ಕೂಡಬೇಕಾದರೆ ಆಗ ನಿಂತ ಜಾಗದಲ್ಲಿಯೇ ಈಗಲೂ ನಿಲ್ಲಬೇಕು. ಒಂದು ಹೆಜ್ಜೆ ತಪ್ಪಿದರೂ ಗೆರೆ ಸರಿಯುತ್ತದೆ. ಅದರ ಚಿಂತೆ ನನಗಿರಲಿಲ್ಲ. ಈ ಕಡೆ ಯಾರ ಮನೆಯಲ್ಲೂ ಹೊಸ್ತಿಲು ತುಳಿಯಲು ಬಿಡುವುದಿಲ್ಲ. ಅದಕ್ಕೇ ನಾನು ಮೊದಲಿನಿಂದಲೂ ಎಲ್ಲ ಖೋಲಿಗಳಲ್ಲಿ ಹೊಸ್ತಿಲು ದಾಟಿ, ಹಿಮ್ಮಡಿಯನ್ನು ಅದಕ್ಕೆ ತಾಗಿಸಿ, ಮೊದಲ ಹಾಸುಗಲ್ಲಿನ ಮೇಲೆ ನಿಂತು, ಎದೆಯ ಎತ್ತರದಿಂದ ಚಿತ್ರ ತೆಗೆಯುತ್ತೇನೆ. ಮನೆಯವರಿಗೆ ಬೈಯಲು ಕಾರಣ ಸಿಗುವುದಿಲ್ಲ, ನನಗೆ ನಿಲ್ಲುವ ಗುರುತು ಸಿಗುತ್ತದೆ.

ಹಾಗೆಯೇ ನಿಂತೆ. ಪರದೆಯಲ್ಲಿ ಬೆಳ್ಳನೆಯ ಗೋಡೆ, ಅದರ ಮೇಲೆ ಮಸುಕಾಗಿ ಚಳಿಗಾಲದ ಗೋಡೆ. ಮೊದಲು ದೀಪ ಇಡುವ ಮಾಡದ ಕೆಳಗಿನ ಮೂಲೆಯನ್ನು ಕೂಡಿಸಿದೆ. ಆಮೇಲೆ ತೊಟ್ಟಿಲಿನ ಬಳೆಯನ್ನು ಬಳೆಗೆ. ಮೂರನೆಯದು ಚಪ್ಪಡಿಯ ಮುರುಕು ಅಂಚು. ಮೊಣಕೈಯನ್ನು ಪಕ್ಕೆಗೆ ಒತ್ತಿ ಉಸಿರು ಹಿಡಿದೆ. ಮೂರೂ ಕೂಡಿದವು. ಸುಣ್ಣದ ಮೇಲೆ ಹಳೆಯ ಬಿರುಕು ಕಪ್ಪು ದಾರದಂತೆ ಮಾಡದಿಂದ ಮೇಲಕ್ಕೆ ಹೋಗಿ ತೊಲೆಗಿಂತ ಒಂದು ಗೇಣು ಕೆಳಗೆ ನಿಂತಿತ್ತು. ಚಿತ್ರ ಹಿಡಿದು ನಿಲ್ಲಿಸಿ, ಪೆನ್ನಿನಿಂದ ಅದರ ಮೇಲೆ ಗೆರೆ ಎಳೆದೆ. ಆ ಗೆರೆ ನೋಡಿಕೊಂಡು ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಎರಡು ಗುರುತು ಹಾಕಿದೆ. ಒಂದು ಚಳಿಗಾಲದ ಕೊನೆ, ಇನ್ನೊಂದು ತೊಲೆಯ ತುದಿ.

"ಟೀಚರ, ನಡುವಿನ ಈ ಗೇಣು ಜಾಗ ಅಷ್ಟೇ ಕೆರಿತೀನಿ. ಬಿರುಕು ಇಲ್ಲಾಂದ್ರ ನಾನೇ ಸುಣ್ಣ ಹಚ್ಚಿ ಹೋಗತೀನಿ, ಮಾತು ಕೊಡ್ತೀನಿ."

ಅವರು ಒಳಗೆ ಹೋಗಿ ಕಳೆ ತೆಗೆಯುವ ಖುರ್ಪಿ ತಂದರು. ನನ್ನ ಕೈಗೆ ಕೊಡಲಿಲ್ಲ. ಹೊರಸು ಸರಿಸಿ, ಸ್ಟೂಲು ಹತ್ತಿ ತಾವೇ ಕೆರೆದರು. ಸುಣ್ಣ ಪುಡಿಯಾಗಿ ಉದುರಿತು. ಅದರ ಕೆಳಗೆ ಅವರೇ ತುಂಬಿದ ಸಿಮೆಂಟು ಬೂದುಗಪ್ಪಾಗಿ ಕಂಡಿತು. ಅದು ಚಳಿಗಾಲದ ಗುರುತಿನಲ್ಲಿ ನಿಂತಿರಲಿಲ್ಲ. ಮೇಲಕ್ಕೆ ಹೋಗಿ, ತೊಲೆಯ ತುದಿಯ ಕೆಳಗೆ ಹೊಕ್ಕು, ಆಚೆ ಬದಿಗೂ ಹೊರಟಿತ್ತು. ಆ ಗೇಣು ಪೂರ್ತಿ ಹೊಸದು. ಇನ್ನೊಂದು ಸಂಗತಿ ಅದಕ್ಕಿಂತ ಕೆಟ್ಟದ್ದು. ಹತ್ತು ದಿನದ ಹಿಂದೆ ತುಂಬಿದ ಸಿಮೆಂಟಿನ ನಡುವೆಯೇ ಕೂದಲಿನಷ್ಟು ಸಣ್ಣ ಗೆರೆ ಬಿಟ್ಟಿತ್ತು. ಅಗಲ ಅಳೆಯುವ ಪಾರದರ್ಶಕ ಪಟ್ಟಿಯನ್ನು ಇಟ್ಟು ನೋಡಿದೆ. ಪಟ್ಟಿಯ ಅತಿ ತೆಳುವಾದ ಗೆರೆಗೆ ಸರಿಯಾಗಿ ಕೂತಿತು. ಬಿರುಕು ಇನ್ನೂ ಬೆಳೆಯುತ್ತಿತ್ತು.

ಟೀಚರು ಸ್ಟೂಲಿನ ಮೇಲಿಂದ ಇಳಿಯದೆ, ನನ್ನ ಕೈಯಲ್ಲಿದ್ದ ಸ್ಲೇಟಿನ ಕಡೆ ನೋಡಿ ಕೇಳಿದರು, "ಏನಂತದ್ರಿ ಮೇಡಂ, ನಿಮ್ಮ ಪಾಟಿ?"

"ಈ ಖೋಲಿ ಬ್ಯಾಡ ಅಂತದ, ಟೀಚರ."

ಅಲ್ಲಿಯೇ ಪಡಸಾಲೆಯ ಕಟ್ಟೆಯ ಮೇಲೆ ಯಂತ್ರವನ್ನು ಅದರ ಕಾಲಿನ ಮೇಲೆ ನಿಲ್ಲಿಸಿ, ಕೀಬೋರ್ಡ್ ತಂದು ಹಚ್ಚಿ, ಎರಡು ಚಿತ್ರ, ಎರಡು ಗುರುತು, ಒಂದು ಪುಟದ ಸೂಚನೆ ಬರೆದು ಗಣಿಯ ಸುರಕ್ಷತಾ ಅಧಿಕಾರಿಗೆ ಕಳಿಸಿದೆ. ಈ ಖೋಲಿಯನ್ನು ಇಂದಿನಿಂದಲೇ ಬಳಸಬಾರದು, ತೊಲೆಗೆ ಕೂಡಲೇ ಆಸರೆ ಕೊಡಬೇಕು ಎಂದು. ನನ್ನನ್ನು ಕೆಲಸಕ್ಕೆ ನೇಮಿಸಿದವರು ಅವರೇ. ಅದನ್ನು ಯೋಚಿಸಿ ಕೈ ತಡೆಯುವ ವಯಸ್ಸು ನನ್ನದು ದಾಟಿದೆ.

ಅಧಿಕಾರಿ ಮಧ್ಯಾಹ್ನ ಜೀಪಿನಲ್ಲಿ ಬಂದರು. ಕೆಟ್ಟವರಲ್ಲ, ಆದರೆ ಸುಲಭಕ್ಕೆ ಒಪ್ಪುವವರೂ ಅಲ್ಲ.

"ಸುಣ್ಣದ ತೆಳಗಿಂದು ಬಿರುಕು ಯಾವಾಗಿಂದು ಅಂತ ಹೆಂಗ ಹೇಳ್ತೀರಿ, ಮೇಡಂ? ಹಳೀದೇ ಇರಬಹುದು. ಭೂಮಿ ಕುಂತು ಬಿಟ್ಟಿರಬಹುದು."

"ಯಾಕ ಬಿಟ್ಟದ ಅನ್ನೋದು ನನ್ನ ವರದಿಯಾಗ ಬರತದ. ಕಂಪನದ ಲೆಕ್ಕ ನೋಡದ ನಾನೂ ಹೇಳಂಗಿಲ್ಲ. ಎಷ್ಟು ಬಿಟ್ಟದ ಅನ್ನೋದು ಈಗೇ ನೋಡ್ರಿ," ಎಂದು ಅವರನ್ನು ಹೊಸ್ತಿಲಿಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ಸ್ಲೇಟನ್ನು ಅವರ ಕೈಗೇ ಕೊಟ್ಟೆ. ಅವರು ಬಳೆಗೆ ಬಳೆ ಕೂಡಿಸಲು ಸ್ವಲ್ಪ ಹೊತ್ತು ತಡಬಡಾಯಿಸಿದರು. ಕೂಡಿದ ಮೇಲೆ, ಹಳೆಯ ಗೆರೆಯ ಕೊನೆಯಿಂದ ತೊಲೆಯವರೆಗಿನ ಹೊಸ ಬಿರುಕನ್ನು ಪರದೆಯ ಮೇಲೆ ಬೆರಳಿನಿಂದ ಹಿಂಬಾಲಿಸಿದರು. ಆಮೇಲೆ ಫೋನ್ ತೆಗೆದು ಯಾರಿಗೋ, "ಕಬ್ಬಿಣದ ಜಾಕಿ ನಾಕು, ಒಬ್ಬ ಗೌಂಡಿ, ಜಲ್ದಿ," ಎಂದರು.

ಸಂಜೆಯೊಳಗೆ ತೊಲೆಯ ಕೆಳಗೆ ನಾಲ್ಕು ಜಾಕಿ ನಿಂತವು. ಸೋಮವಾರದ ಹನ್ನೆರಡು ಮತ್ತು ಮಂಗಳವಾರ ಟೀಚರ ಮನೆಗಿಂತ ಮೊದಲು ನೋಡಿದ ನಾಲ್ಕು ಮನೆಗಳ ನಮೂನೆಗಳನ್ನು ನಾನು ರದ್ದು ಮಾಡಿ, ಅವರಿಗೂ ಕಾರಣ ತಿಳಿಸಿ ಬರೆದುಕೊಟ್ಟೆ. ಊರಿನ ಎಲ್ಲ ಮನೆ ಹೊಸದಾಗಿ, ಹಳೆಯ ಚಿತ್ರ ಹಾಸಿಕೊಂಡೇ ನೋಡುವುದೆಂದು ತೀರ್ಮಾನವಾಯಿತು. ಒಂದು ವಾರದ ಕೆಲಸ ಹೆಚ್ಚಿತು. ತಪ್ಪು ನನ್ನದು, ಹೆಚ್ಚಲಿ.

ಗುರುವಾರ ಬೆಳಿಗ್ಗೆ ಆ ಓಣಿಯಲ್ಲಿಯೇ ಸುತ್ತುತ್ತಿದ್ದಾಗ ಭಾಯಿಯ ಫೋನ್ ಬಂತು. "ಮೇಡಂ, ಇವತ್ತಿಗಿ ನಾಕು ದಿನ ಆತು. ಮಾಲ್ ಸಲಾಮತ್ ಅದೇನು?"

"ಸುಣ್ಣ ಮೆತ್ತ್ಯದ, ಮೂಲ್ಯಾಗ ಖುರ್ಪಿ ತಾಗಿ ಒಂದು ಗೀಚು ಬಿದ್ದದ. ಇದು ನಂದಾತು, ರಸೀದಿ ಬರೀರಿ."

"ಆಮಿಗತಿ ನಡೀತದ ಅಂತ ಹೇಳೀನಿ ಹಾಂ!"

"ನಡೀಲಿ ಭಾಯಿ. ದೋಸ್ತಿ ಉಳೀಲಿ," ಎಂದೆ. ಅವರು ನಕ್ಕರು. ನನಗೂ ಆಮೇಲೆ ಒಂದು ಕ್ಷಣವೂ ಪೈಲ್ವಾನ ನೆನಪಾಗಲಿಲ್ಲ.

ಮಧ್ಯಾಹ್ನ ಗೋಡೆ ಕಟ್ಟುವ ಗೌಂಡಿ ನನ್ನನ್ನು ಟೀಚರ ಮನೆಗೆ ಕರೆಸಿದ. ತೊಲೆಯ ತುದಿಯ ಸುತ್ತ ಗೋಡೆ ಬಿಚ್ಚಿದ್ದ. ಕಲ್ಲುಗಳ ನಡುವಿನ ಗಾರೆ ಹಿಟ್ಟಾಗಿ ಸುರಿದಿತ್ತು, ಒಂದು ಕಲ್ಲು ಸೀಳಿ ಒಳಕ್ಕೆ ಜಾರಿತ್ತು. ಅಷ್ಟು ದೊಡ್ಡ ತೊಲೆ ಆ ಕಲ್ಲಿನ ತುದಿಯ ಮೂರು ಬೆರಳಿನಷ್ಟು ಅಂಚಿನ ಮೇಲೆ ಮಾತ್ರ ಕೂತಿತ್ತು. "ಜಾಕಿ ಇಲ್ಲದಿದ್ರ ಇದು ಯಾವುದರ ಮ್ಯಾಲ ನಿಂತಿತ್ತೋ ಏನೋ," ಎಂದ ಗೌಂಡಿ.

ಟೀಚರು ಹತ್ತಿರ ಬಂದು, ಆ ಅಂಚಿನ ಪಕ್ಕ ತಮ್ಮ ಮೂರು ಬೆರಳು ಇಟ್ಟು ನೋಡಿದರು. ನಾನು ಅವರ ಭುಜ ಹಿಡಿದೆ. ಅವರು ಪಡಸಾಲೆಗೆ ಬಂದು ಕಣ್ಣೊರೆಸಿಕೊಂಡು, ಫೋನ್ ತೆಗೆದು, ಸ್ಪೀಕರ್ ಹಾಕಿ, ಬೀಗತಿಗೆ ಹಚ್ಚಿದರು.

"ಬೀಗತಿ ಬಾಯಿ, ಒಂದು ಮಾತು ಮುಚ್ಚಿಟ್ಟಿದ್ದೆ, ಈಗ ಹೇಳ್ತೀನಿ. ನಮ್ಮ ಬಾಣಂತಿ ಖೋಲಿ ಗ್ವಾಡಿ ಬಿಟ್ಟದ. ಸಿಮಿಂಟ್ ತುಂಬಿ ಸುಣ್ಣ ಹಚ್ಚಿ ಮುಚ್ಚಿದ್ದೆ. ಮೇಡಂ ಬಂದು ಹಿಡದಾರ. ತೊಲಿ ಮೂರು ಬಟ್ಟಿನ ಮ್ಯಾಲ ನಿಂತಿತ್ತು. ಈಗ ಜಾಕಿ ಕೊಟ್ಟಾರ, ರಿಪೇರಿ ನಡದದ. ಪಡಸಾಲ್ಯಾಗ ಪರದೆ ಕಟ್ಟಿ ನಿಮ್ಮ ಸೊಸಿ ಬಾಣಂತನ ಮಾಡ್ತೀನಿ. ಕಳಸೋದು ಬಿಡೋದು ನಿಮಗ ಬಿಟ್ಟಿದ್ದು."

ಟೀಚರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತರು.

"ಬೀಗತಿ ಬಾಯಿ?" ಎಂದರು ಟೀಚರು.

"ಅದೀನಿ," ಎಂದಿತು ಆ ಕಡೆಯ ದನಿ, ಟೀಚರು ಹೇಳಿದ ಬಿರುಸು ಅದರಲ್ಲಿರಲಿಲ್ಲ. "ಆ ಮೇಡಂ ಇನ್ನಾ ಅಲ್ಲೇ ಅದಾರೇನು?"

"ಅದೀನ್ರಿ, ಹೇಳ್ರಿ," ಎಂದೆ.

"ನಮ್ಮೂರ ಹತ್ತಿರನೂ ಖಣಿ ಅದರಿ. ನಮ್ಮ ಮನ್ಯಾಗೂ ಒಂದು ಬಿರುಕು ಬಿಟ್ಟಿತ್ತು. ಬೀಗತಿ ಮಗಳನ್ನ ನೋಡ್ಲಿಕ್ಕ ಬಂದಾಗ ಕಂಡ್ರ ಏನಂದಾಳು ಅಂತ ಹೋದ ತಿಂಗಳ ನಾವೂ ಸುಣ್ಣ ಹಚ್ಚೀವಿ."

"ಯಾವ ಖೋಲ್ಯಾಗ?"

"ಹುಡುಗಿ ಮಲಗೋ ಖೋಲ್ಯಾಗ್ರಿ. ಊಟ ಮಾಡಿ ಈಗ ಅಲ್ಲೇ ಅಡ್ಡಾಗ್ಯಾಳ."

ಟೀಚರು ಫೋನಿಗೆ ಬಾಯಿ ಹಚ್ಚಿ, "ಎಬ್ಬಸ್ರಿ ಆಕಿನ್ನ! ಹೊರಗ ಕರೀರಿ!" ಎಂದು ಕೂಗಿದರು. ನಾನು ಸ್ಲೇಟನ್ನು ಬಗಲಿಗೆ ಹಾಕಿಕೊಂಡು ಕಾರಿನ ಕಡೆ ನಡೆದೆ. ತಿರುಗಿ ನೋಡಿದರೆ ಟೀಚರು ಚಪ್ಪಲಿ ಸಹ ಮೆಟ್ಟದೆ ಹಿಂದೆ ಬರುತ್ತಿದ್ದರು.